ಮುಂದೆ 15, ಹಿಂದೆ 26

ಪೆಟ್ರೋಲ್ ಬಂಕಿನಲ್ಲಿ ಗಾಳಿ ಹಾಕುವ ಹುಡುಗ ಕೊಳವೆ ಹಿಡಿದು ಬಂದು, "ಎಷ್ಟು ಹಾಕಲಿ ಸಾರ್?" ಎಂದು ಕೇಳುತ್ತಾನೆ. ನಮ್ಮಲ್ಲಿ ಬಹುಮಂದಿ ಕಾರಿನಿಂದ ಕೆಳಗೂ ಇಳಿಯದೆ, "ನಾಲ್ಕಕ್ಕೂ ಮೂವತ್ತು ಹಾಕಪ್ಪ" ಎಂದುಬಿಡುತ್ತೇವೆ. ಆ ಮೂವತ್ತು ಎಲ್ಲಿಂದ ಬಂತು, ನಾಲ್ಕು ಚಕ್ರಕ್ಕೂ ಒಂದೇ ಏಕೆ ಎಂದು ಯಾರೂ ಯೋಚಿಸುವುದಿಲ್ಲ. ಈ ಲೇಖಕನೂ ಬಹುಕಾಲ ಯೋಚಿಸಿರಲಿಲ್ಲ. ಆದರೆ ಟೈರಿನೊಳಗಿನ ಗಾಳಿ ಎಷ್ಟಿರಬೇಕು ಎಂಬ ಈ ಸಣ್ಣ ಪ್ರಶ್ನೆಯೇ ಒಂದು ಕಾಲಕ್ಕೆ ಅಮೆರಿಕದ ನ್ಯಾಯಾಲಯಗಳನ್ನೂ ಸೆನೆಟ್ ಸಭೆಯನ್ನೂ ಜಗತ್ತಿನ ಅತಿ ದೊಡ್ಡ ಮೋಟಾರು ಕಂಪನಿಯನ್ನೂ ಅಲುಗಾಡಿಸಿತ್ತು. ಆ ಕಥೆಯ ನಾಯಕ ಒಂದು ಚೆಂದದ ಸ್ಪೋರ್ಟಿ ಕಾರು. ಅದರ ಹೆಸರು ಷೆವರ್ಲೆ ಕೋರ್ವೇರ್.

ಕಾರಿನ ಕಥೆಗೆ ಮೊದಲು ಗಾಳಿಯ ಕಥೆಯನ್ನು ಸ್ವಲ್ಪ ನೋಡಬೇಕು. ಚಕ್ರದೊಳಗೆ ಗಾಳಿ ತುಂಬುವ ಉಪಾಯವನ್ನು ಮೊದಲು ಕಂಡವನು ರಾಬರ್ಟ್ ವಿಲಿಯಂ ಥಾಮ್ಸನ್ ಎಂಬ ಸ್ಕಾಟ್ಲೆಂಡಿನ ತರುಣ. 1845ರಲ್ಲಿ ಅದಕ್ಕೆ ಪೇಟೆಂಟ್ ಪಡೆದಾಗ ಅವನಿಗಿನ್ನೂ ಇಪ್ಪತ್ಮೂರು ವರ್ಷ. ಲಂಡನ್ನಿನ ರೀಜೆಂಟ್ಸ್ ಪಾರ್ಕಿನಲ್ಲಿ ಕುದುರೆಗಾಡಿಗೆ ತನ್ನ ಗಾಳಿಚಕ್ರಗಳನ್ನು ಕಟ್ಟಿ ಓಡಿಸಿ ತೋರಿಸಿದ. ಜನ ನೋಡಿ ಬೆರಗಾದರು, ಆಮೇಲೆ ಮರೆತರು. ಆಗ ರಬ್ಬರು ದುಬಾರಿ. ಮೋಟಾರು ಗಾಡಿ ಇರಲಿಲ್ಲ. ಸೈಕಲ್ ಎಂಬುದು ಇನ್ನೂ ಇಂದಿನ ರೂಪಕ್ಕೆ ಬಂದಿರಲಿಲ್ಲ. ನಲವತ್ತು ವರ್ಷಗಳ ಮೇಲೆ ಬೆಲ್‌ಫಾಸ್ಟ್ ನಗರದ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರು ಚಕ್ರದ ಸೈಕಲ್ಲಿಗೆ ರಬ್ಬರಿನ ಗಾಳಿಕೊಳವೆ ಕಟ್ಟಿದ. 1888ರಲ್ಲಿ ಅವನಿಗೂ ಪೇಟೆಂಟ್ ದೊರೆಯಿತು. ಥಾಮ್ಸನ್ನನ ಹಳೆಯ ಪೇಟೆಂಟು ಬೆಳಕಿಗೆ ಬಂದ ಮೇಲೆ ಅದು ಬಿದ್ದುಹೋಯಿತಾದರೂ ಜಗತ್ತಿನಲ್ಲಿ ಉಳಿದದ್ದು ಡನ್‌ಲಪ್‌ನ ಹೆಸರೇ. ಫ್ರಾನ್ಸಿನ ಮಿಷೆಲಿನ್ ಸಹೋದರರು 1895ರ ಪ್ಯಾರಿಸ್–ಬೋರ್ಡೋ–ಪ್ಯಾರಿಸ್ ಓಟದಲ್ಲಿ ಗಾಳಿಯ ಟೈರು ತೊಡಿಸಿದ ಮೋಟಾರು ಗಾಡಿಯನ್ನು ಓಡಿಸಿದರು. ದಾರಿಯುದ್ದಕ್ಕೂ ಪಂಕ್ಚರು. ನಿಗದಿತ ಸಮಯದೊಳಗೆ ಮುಟ್ಟಲಾಗಲಿಲ್ಲ. ಆದರೂ ಕಬ್ಬಿಣದ ಪಟ್ಟಿಯ ಮೇಲೆ ಕಟಕಟನೆ ಓಡುವ ಗಾಡಿಗೆ ಇನ್ನು ಭವಿಷ್ಯವಿಲ್ಲ ಎಂಬುದು ಕಣ್ಣಿದ್ದವರಿಗೆ ತಿಳಿಯಿತು.

ಇಲ್ಲಿ ನಾವು ಗಮನಿಸಬೇಕಾದ ಒಂದು ಸಂಗತಿಯಿದೆ. ಕಾರಿನ ಭಾರವನ್ನು ಹೊರುವುದು ರಬ್ಬರು ಎಂದು ಸಾಮಾನ್ಯವಾಗಿ ತಿಳಿಯುತ್ತೇವೆ. ವಾಸ್ತವವಾಗಿ ಬಹುಪಾಲು ಹೊರುವುದು ಒಳಗಿನ ಗಾಳಿ. ರಬ್ಬರು ಮತ್ತು ಅದರೊಳಗಿನ ನೂಲಿನ ಪದರಗಳು ಆ ಗಾಳಿಯನ್ನು ಹಿಡಿದಿಡುವ ಚೀಲವಷ್ಟೆ. ನಾವು "ಮೂವತ್ತು" ಎನ್ನುವುದರ ಪೂರ್ಣ ಅರ್ಥ ಚದರ ಅಂಗುಲವೊಂದಕ್ಕೆ ಮೂವತ್ತು ಪೌಂಡು ಒತ್ತಡ ಎಂದು. ಚಕ್ರದ ಮೇಲಿನ ಭಾರವನ್ನು ಈ ಸಂಖ್ಯೆಯಿಂದ ಭಾಗಿಸಿದರೆ ಟೈರು ನೆಲಕ್ಕೆ ಎಷ್ಟು ಅಗಲವಾಗಿ ಒತ್ತಿಕೊಂಡಿದೆ ಎಂಬುದರ ಅಂದಾಜು ಸಿಗುತ್ತದೆ. ಗಾಳಿ ಕಡಿಮೆಯಾದರೆ ಆ ಜಾಗ ಹಿಗ್ಗುತ್ತದೆ, ಟೈರಿನ ಪಕ್ಕೆಗಳು ಬಾಗಿ ಬಾಗಿ ಬಿಸಿಯಾಗುತ್ತವೆ. ಗಾಳಿ ಹೆಚ್ಚಾದರೆ ಜಾಗ ಕುಗ್ಗುತ್ತದೆ, ಸವಾರಿ ಕುಲುಕುತ್ತದೆ.

ಇನ್ನೊಂದು ಪರಿಣಾಮ ತಿರುವಿನಲ್ಲಿ. ಮುಂದಿನ ಚಕ್ರದಲ್ಲಿ ಗಾಳಿ ಇಳಿದ ಸೈಕಲ್ಲನ್ನು ತುಳಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹ್ಯಾಂಡಲ್ ತಿರುಗಿಸಿದರೂ ಸೈಕಲ್ಲು ಸೋಮಾರಿಯಂತೆ ನಿಧಾನವಾಗಿ ತಿರುಗುತ್ತದೆ. ಟೈರು ತಾನು ನೋಡುತ್ತಿರುವ ದಿಕ್ಕಿಗೂ ನಿಜವಾಗಿ ಸಾಗುವ ದಿಕ್ಕಿಗೂ ನಡುವೆ ಒಂದು ಸಣ್ಣ ಕೋನವನ್ನು ಬಿಟ್ಟುಕೊಡುತ್ತದೆ. ಗಾಳಿ ಕಡಿಮೆಯಾದಷ್ಟೂ ಈ ಜಾರು ಕೋನ ದೊಡ್ಡದು. ಕಾರಿನಲ್ಲಿ ಮುಂದಿನ ಚಕ್ರಗಳು ಹೆಚ್ಚು ಜಾರಿದರೆ ಕಾರು ತಿರುವಿನ ಹೊರಕ್ಕೆ ಮೂತಿ ಚಾಚುತ್ತದೆ. ಚಾಲಕ ಹೆದರಿ ಕಾಲು ಎತ್ತಿದರೆ ಸರಿಹೋಗುತ್ತದೆ. ಹಿಂದಿನ ಚಕ್ರಗಳು ಹೆಚ್ಚು ಜಾರಿದರೆ ಬಾಲವೇ ಮುಂದೆ ಬರಲು ಹವಣಿಸುತ್ತದೆ. ಆಗ ಕಾಲು ಎತ್ತಿದರೆ ಸ್ಥಿತಿ ಇನ್ನೂ ಕೆಡುತ್ತದೆ. ಮೊದಲನೆಯದನ್ನು ಅಂಡರ್‌ಸ್ಟಿಯರ್, ಎರಡನೆಯದನ್ನು ಓವರ್‌ಸ್ಟಿಯರ್ ಎನ್ನುತ್ತಾರೆ. ಮುಂದಿನ ಮತ್ತು ಹಿಂದಿನ ಟೈರುಗಳ ಗಾಳಿಯಲ್ಲಿ ಕೆಲವು ಪೌಂಡುಗಳ ವ್ಯತ್ಯಾಸ ಮಾಡಿ ಒಂದೇ ಕಾರನ್ನು ಒಂದು ಸ್ವಭಾವದಿಂದ ಇನ್ನೊಂದರ ಕಡೆಗೆ ವಾಲಿಸಬಹುದು. ಸ್ಪೋರ್ಟ್ಸ್ ಕಾರು ಓಡಿಸುವವರು ಕೈಯಲ್ಲಿ ಸದಾ ಒತ್ತಡಮಾಪಕ ಹಿಡಿದಿರುವುದು ಇದಕ್ಕೇ.

ಈಗ ಕೋರ್ವೇರಿಗೆ ಬರೋಣ. 1959ರ ಅಕ್ಟೋಬರಿನಲ್ಲಿ ಜನರಲ್ ಮೋಟಾರ್ಸ್ ಕಂಪನಿಯ ಷೆವರ್ಲೆ ವಿಭಾಗ ಇದನ್ನು ಮಾರುಕಟ್ಟೆಗೆ ತಂದಿತು. ವಿಭಾಗದ ಮುಖ್ಯಸ್ಥ ಎಡ್ ಕೋಲ್ ಸ್ವತಃ ಎಂಜಿನಿಯರ್. ಜರ್ಮನಿಯ ಫೋಕ್ಸ್‌ವ್ಯಾಗನ್ ಬೀಟಲ್ ಅಮೆರಿಕದಲ್ಲಿ ಬಿರುಸಾಗಿ ಮಾರಾಟವಾಗುತ್ತಿದ್ದ ಕಾಲವದು. ಕೋಲ್ ಕೊಟ್ಟ ಉತ್ತರ ಧೈರ್ಯದ್ದಾಗಿತ್ತು: ಎಂಜಿನ್ ಕಾರಿನ ಹಿಂಭಾಗದಲ್ಲಿ, ಅದರಲ್ಲೂ ಅಲ್ಯೂಮಿನಿಯಮ್ಮಿನ ಆರು ಸಿಲಿಂಡರಿನ ಎಂಜಿನ್, ನೀರಿನ ಬದಲು ಗಾಳಿಯಿಂದಲೇ ತಂಪಾಗುವಂಥದು. ಅಮೆರಿಕದ ದೊಡ್ಡ ಕಾರ್ಖಾನೆಗಳು ಮಾಡುತ್ತಿದ್ದ ಯಾವ ಕಾರೂ ಹೀಗಿರಲಿಲ್ಲ. ಮೋಟಾರ್ ಟ್ರೆಂಡ್ ಪತ್ರಿಕೆ ಅದನ್ನು 1960ರ ವರ್ಷದ ಕಾರು ಎಂದು ಆರಿಸಿತು. ಎರಡು ಬಾಗಿಲಿನ ಮೋನ್ಝಾ ಮಾದರಿ ಬಂದ ಮೇಲಂತೂ ತರುಣರು ಮುಗಿಬಿದ್ದರು. 1962ರ ಮೋನ್ಝಾ ಸ್ಪೈಡರ್ ಟರ್ಬೋಚಾರ್ಜರ್ ಹೊಂದಿ 150 ಅಶ್ವಶಕ್ತಿ ಕೊಡುತ್ತಿತ್ತು. ಕಾರ್ಖಾನೆಯಿಂದಲೇ ಟರ್ಬೋ ಜೋಡಿಸಿಕೊಂಡು ಬಂದ ಮೊದಮೊದಲ ಕಾರುಗಳಲ್ಲಿ ಅದೂ ಒಂದು. ಬಡವರ ಪೋರ್ಷೆ ಎಂದು ಅದನ್ನು ಕರೆದವರೂ ಉಂಟು.

ಆದರೆ ಎಂಜಿನ್ ಹಿಂದೆ ಹೋದರೆ ಭಾರವೂ ಹಿಂದೆ ಹೋಗುತ್ತದೆ. ಕೋರ್ವೇರಿನ ತೂಕದಲ್ಲಿ ಶೇಕಡಾ 60ಕ್ಕೂ ಹೆಚ್ಚು ಹಿಂದಿನ ಚಕ್ರಗಳ ಮೇಲಿತ್ತು. ಜೊತೆಗೆ ಹಿಂದಿನ ಚಕ್ರಗಳನ್ನು ಹಿಡಿದದ್ದು ಸ್ವಿಂಗ್ ಆಕ್ಸಲ್ ಎಂಬ ಸರಳ ಏರ್ಪಾಡು. ಪಕ್ಷಿಯ ರೆಕ್ಕೆಗಳಂತೆ ಎರಡು ಅರ್ಧ ಆಕ್ಸಲ್‌ಗಳು ನಡುವಿನ ಕೀಲಿನಿಂದ ಮೇಲೆ ಕೆಳಗೆ ಆಡುತ್ತವೆ. ತಿರುವಿನಲ್ಲಿ ವೇಗ ಮಿತಿಮೀರಿದರೆ ಹೊರಬದಿಯ ಚಕ್ರ ಕಾರಿನ ಕೆಳಗೆ ಮಡಚಿಕೊಂಡು, ಕಾರಿನ ಹಿಂಭಾಗವನ್ನು ಮೇಲಕ್ಕೆ ಎತ್ತಿಬಿಡಬಲ್ಲದು. ಬೀಟಲ್‌ನಲ್ಲೂ ಇದೇ ಏರ್ಪಾಡಿತ್ತು, ಪೋರ್ಷೆಯ 356ರಲ್ಲೂ ಇತ್ತು. ಕೋರ್ವೇರ್ ಒಂದೇ ಪಾಪ ಮಾಡಿತೆಂದು ಹೇಳುವಂತಿಲ್ಲ. ಆದರೆ ಅವಕ್ಕಿಂತ ಅದು ಭಾರದ ಕಾರು. ಹಿಂದಿನ ಎಂಜಿನ್ನಿನ ಗಾಡಿಯನ್ನು ಹಿಂದೆಂದೂ ಓಡಿಸದ ಲಕ್ಷಾಂತರ ಜನರ ಕೈಗೆ ಹೋದ ಕಾರು.

ಇಂಥ ಕಾರನ್ನು ಪಳಗಿಸಲು ಎರಡು ದಾರಿಗಳಿದ್ದವು. ಒಂದು, ಮುಂದಿನ ಎರಡು ಚಕ್ರಗಳ ನಡುವೆ ಆಂಟಿ ರೋಲ್ ಬಾರ್ ಎಂಬ ಉಕ್ಕಿನ ಸರಳನ್ನು ಜೋಡಿಸುವುದು. ಇನ್ನೊಂದು, ಟೈರಿನ ಗಾಳಿಯಲ್ಲೇ ಆಟವಾಡುವುದು. ಮೊದಲನೆಯದಕ್ಕೆ ಹಣ ಬೇಕು, ಎರಡನೆಯದಕ್ಕೆ ಬೇಡ. ಕಂಪನಿ ಎರಡನೆಯದನ್ನು ಆರಿಸಿಕೊಂಡಿತು. ಟೈರು ತಣ್ಣಗಿರುವಾಗ ಮುಂದೆ 15 ಪೌಂಡು, ಹಿಂದೆ 26 ಪೌಂಡು ಎಂದು ಮಾಲೀಕರ ಕೈಪಿಡಿಯಲ್ಲಿ ಅಚ್ಚಾಯಿತು. ಓಡಿ ಬಿಸಿಯಾದ ಮೇಲೆ ಅದು 18 ಮತ್ತು 30.

ಈ ಅಂಕಿಗಳು ಗಾಳಿಯಲ್ಲಿ ಬರೆದವಲ್ಲ. ಒಂದು ಒರಟು ಲೆಕ್ಕ ಮಾಡಿ ನೋಡೋಣ. ಕಾರಿನ ತೂಕ ಸುಮಾರು 2,400 ಪೌಂಡು, ಅದರಲ್ಲಿ ಮುಂದೆ ಶೇಕಡಾ 38 ಎಂದು ಇಟ್ಟುಕೊಳ್ಳಿ. ಮುಂದಿನ ಒಂದೊಂದು ಚಕ್ರಕ್ಕೆ ಸುಮಾರು 455 ಪೌಂಡು ಬಂತು. 15ರಿಂದ ಭಾಗಿಸಿದರೆ ನೆಲಕ್ಕೆ ತಾಗುವ ಜಾಗ 30 ಚದರ ಅಂಗುಲ. ಹಿಂದಿನ ಒಂದೊಂದಕ್ಕೆ ಸುಮಾರು 745 ಪೌಂಡು. 26ರಿಂದ ಭಾಗಿಸಿದರೆ 29 ಚದರ ಅಂಗುಲ. ಹೆಚ್ಚು ಕಡಿಮೆ ಸಮ. ಅಂದರೆ ಹಗುರವಾದ ಮೂತಿ ತಿರುವಿನೊಳಕ್ಕೆ ತೀರ ಚುರುಕಾಗಿ ನುಗ್ಗದಂತೆ ಮುಂದಿನ ಟೈರುಗಳನ್ನು ಬೇಕೆಂದೇ ಮೆತ್ತಗೆ ಮಾಡಿದ್ದಾರೆ. ಎಂಜಿನಿಯರರ ಲೆಕ್ಕ ಜಾಣತನದ್ದು. ಆದರೆ ಅದೇ ಮುಂದಿನ ಟೈರಿಗೆ ಯಾರಾದರೂ 26 ತುಂಬಿದರೆ? ನೆಲಕ್ಕೆ ತಾಗುವ ಜಾಗ ಹದಿನೇಳು ಹದಿನೆಂಟು ಅಂಗುಲಕ್ಕೆ ಇಳಿಯುತ್ತದೆ, ಟೈರು ಬಿಗಿಯಾಗುತ್ತದೆ, ಜಾರು ಕೋನ ಕಿರಿದಾಗುತ್ತದೆ, ಕಾರಿನ ಮೂತಿ ಚುರುಕಾಗುತ್ತದೆ. ಮಿಕ್ಕದ್ದನ್ನು ಬಾಲ ನೋಡಿಕೊಳ್ಳುತ್ತದೆ.

ಯಾರು ತುಂಬುತ್ತಾರೆ ಎಂದು ಕೇಳಬೇಡಿ. ಆಗಿನ ಅಮೆರಿಕದ ಪೆಟ್ರೋಲ್ ಬಂಕುಗಳಲ್ಲಿ ಗಾಜು ಒರೆಸುವವನೇ ಎಣ್ಣೆ ನೋಡುತ್ತಿದ್ದ, ಗಾಳಿಯನ್ನೂ ಹಾಕುತ್ತಿದ್ದ. ಹದಿನೈದು ಪೌಂಡಿನ ಟೈರು ಅವನ ಕಣ್ಣಿಗೆ ಗಾಳಿ ಇಳಿದ ಟೈರಿನಂತೆಯೇ ಕಾಣಬೇಕು. ಪಾಪ, ಒಳ್ಳೆಯ ಮನಸ್ಸಿನಿಂದಲೇ ಅವನು ಮುಂದಕ್ಕೂ ಹಿಂದಕ್ಕೂ ಸಮವಾಗಿ ತುಂಬಿ ಕಳಿಸಿದರೆ, ಕಾರನ್ನು ಹಿಡಿತದಲ್ಲಿಡಲು ಎಂಜಿನಿಯರರು ಮಾಡಿದ ಏರ್ಪಾಡು ಅಷ್ಟರಲ್ಲೇ ಕೊಚ್ಚಿಹೋಯಿತು. ಆ ಹನ್ನೊಂದು ಪೌಂಡಿನ ವ್ಯತ್ಯಾಸ ಒಂದು ಅನುಕೂಲದ ಸಲಹೆಯಲ್ಲ, ಕಾರಿನ ವಿನ್ಯಾಸದ ಒಂದು ಅಂಗ ಎಂದು ಕೊಳ್ಳುವವನಿಗೆ ಎದ್ದು ಕಾಣುವಂತೆ ಯಾರೂ ಹೇಳಿರಲಿಲ್ಲ. ಸ್ಪ್ರಿಂಗು ಬೋಲ್ಟುಗಳನ್ನು ಕಂಪನಿ ತಾನೇ ಬಿಗಿದು ಕಳಿಸುತ್ತದೆ. ಗಾಳಿ ಮಾತ್ರ ದಿನದಿನಕ್ಕೆ ಸೋರುವ, ಯಾರು ಬೇಕಾದರೂ ಬದಲಿಸಬಹುದಾದ ವಸ್ತು. ಅಂಥದರ ಮೇಲೆ ಪ್ರಾಣ ನಿಲ್ಲಿಸಬಹುದೇ?

ಅಪಘಾತಗಳು ಆದವು. ಎದುರಿಗೆ ಇನ್ನೊಂದು ವಾಹನವೇ ಇಲ್ಲದೆ ಕಾರು ತಿರುಗಿ ಮಗುಚಿದ ಪ್ರಸಂಗಗಳು ನ್ಯಾಯಾಲಯಕ್ಕೆ ಬಂದವು. 1960ರ ದಶಕದ ಮಧ್ಯದ ಹೊತ್ತಿಗೆ ಕೋರ್ವೇರಿನ ಬಗ್ಗೆ ಜನರಲ್ ಮೋಟಾರ್ಸ್ ಮೇಲೆ ನೂರಕ್ಕೂ ಹೆಚ್ಚು ಮೊಕದ್ದಮೆಗಳಿದ್ದವು. ಕಂಪನಿಯ ಒಳಗೂ ಜಗಳ ನಡೆದಿತ್ತು. ಮುಂದೆ ಷೆವರ್ಲೆಯ ಮುಖ್ಯಸ್ಥನಾದ ಜಾನ್ ಡಿಲೋರಿಯನ್‌ನ ಅನುಭವಗಳನ್ನು ಹೇಳುವ, 1979ರಲ್ಲಿ ಪ್ರಕಟವಾದ ಪುಸ್ತಕದ ಪ್ರಕಾರ, ಆ ಉಕ್ಕಿನ ಸರಳಿಗೆ ತಗಲುತ್ತಿದ್ದ ಖರ್ಚು ಕಾರೊಂದಕ್ಕೆ ಸುಮಾರು 15 ಡಾಲರು. ಮುಂದಿನ ಟೈರಿಗೆ ಹದಿನೈದು ಪೌಂಡು, ಸರಳಿಗೆ ಹದಿನೈದು ಡಾಲರು! ಆಕಸ್ಮಿಕವೇ ಇರಬಹುದು, ಆದರೆ ಒಂದನ್ನು ಉಳಿಸಲು ಇನ್ನೊಂದನ್ನು ನೆಚ್ಚಿದರೆಂಬುದು ಆಕಸ್ಮಿಕವಲ್ಲ. 1964ರ ಮಾದರಿಗೆ ಸರಳು ಬಂತು, ಹಿಂದಿನ ಚಕ್ರಗಳಿಗೆ ಅಡ್ಡ ಸ್ಪ್ರಿಂಗೂ ಬಂತು. 1965ರಲ್ಲಿ ಹಿಂಬದಿಯ ಸಸ್ಪೆನ್ಷನ್ನನ್ನೇ ಹೊಸದಾಗಿ ರೂಪಿಸಿದರು; ಸ್ವಿಂಗ್ ಆಕ್ಸಲ್ ಹೋಯಿತು. ಕಾರು ಈಗ ನಿಜವಾಗಿ ಚೆನ್ನಾಗಿತ್ತು.

ಅದೇ ವರ್ಷದ ನವೆಂಬರ್ 30ರಂದು ರಾಲ್ಫ್ ನೇಡರ್ ಎಂಬ ಮೂವತ್ತೊಂದು ವರ್ಷದ ವಕೀಲನ "ಅನ್‌ಸೇಫ್ ಅಟ್ ಎನಿ ಸ್ಪೀಡ್" ಎಂಬ ಪುಸ್ತಕ ಹೊರಬಿತ್ತು. ಇಡೀ ಮೋಟಾರು ಉದ್ಯಮದ ಮೇಲಿನ ಆ ಆಪಾದನಾಪತ್ರದ ಮೊದಲ ಅಧ್ಯಾಯವೇ ಸ್ಪೋರ್ಟಿ ಕೋರ್ವೇರ್ ಕುರಿತದ್ದು. ಅದರಲ್ಲಿ ಟೈರಿನ ಗಾಳಿಯ ಪ್ರಶ್ನೆಯನ್ನು ಅವನು ಬಿಡಲಿಲ್ಲ. ತಯಾರಕನ ವಿನ್ಯಾಸದ ಹೊಣೆಯನ್ನು ಒಂದು ಅಂಕಿಯ ರೂಪದಲ್ಲಿ ಗಿರಾಕಿಯ ತಲೆಗೆ ದಾಟಿಸಿದ್ದಾರೆ ಎಂಬುದು ಅವನ ವಾದದ ಸಾರ.

ಪುಸ್ತಕ ಬಂದೊಡನೆ ದೇಶ ಬೆಚ್ಚಿಬಿತ್ತು ಎಂದು ತಿಳಿಯಬಾರದು. ಬೆಚ್ಚಿಬೀಳಿಸಿದ್ದು ಕಂಪನಿಯೇ. ಲೇಖಕನ ಬೆನ್ನಿಗೆ ಅದು ಖಾಸಗಿ ಪತ್ತೇದಾರರನ್ನು ಬಿಟ್ಟಿತು. ಅವನ ಖಾಸಗಿ ಬದುಕಿನಲ್ಲಿ ಹುಳುಕು ಹುಡುಕಲು ಹೇಳಿತು. ಸಂಗತಿ ಬಯಲಾಯಿತು. 1966ರ ಮಾರ್ಚ್ 22ರಂದು ಜನರಲ್ ಮೋಟಾರ್ಸ್ ಅಧ್ಯಕ್ಷ ಜೇಮ್ಸ್ ರೋಷ್, ಸೆನೆಟರ್ ಅಬ್ರಹಾಂ ರಿಬಿಕಾಫ್ ನೇತೃತ್ವದ ಉಪಸಮಿತಿಯ ಮುಂದೆ ಕುಳಿತು, ದೂರದರ್ಶನದ ಕ್ಯಾಮೆರಾಗಳ ಎದುರು ನೇಡರನ ಕ್ಷಮೆ ಕೇಳಬೇಕಾಯಿತು. ಅದೇ ಸೆಪ್ಟೆಂಬರ್ 9ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ರಾಷ್ಟ್ರೀಯ ವಾಹನ ಸುರಕ್ಷತಾ ಕಾಯಿದೆಗೆ ಸಹಿ ಹಾಕಿದರು. ಕಾರು ಹೇಗಿರಬೇಕೆಂದು ಸರ್ಕಾರ ನಿಯಮ ಮಾಡಬಹುದು ಎಂಬ ಮಾತು ಅಮೆರಿಕದಲ್ಲಿ ಅಂದಿನಿಂದ ಕಾನೂನಾಯಿತು. ಪತ್ತೇದಾರಿಕೆಯ ಬಗ್ಗೆ ನೇಡರ್ ಹೂಡಿದ ದಾವೆ 1970ರಲ್ಲಿ 4,25,000 ಡಾಲರಿಗೆ ರಾಜಿಯಾಯಿತು. ಆ ಹಣವನ್ನು ಅವನು ಗ್ರಾಹಕರ ಪರವಾದ ಕೆಲಸಕ್ಕೇ ಬಳಸಿದ. 1971ರಲ್ಲಿ ಪಬ್ಲಿಕ್ ಸಿಟಿಜನ್ ಎಂಬ ಸಂಸ್ಥೆಯನ್ನು ಕಟ್ಟಿದ. ಈ ಹೆಸರನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

ಕೋರ್ವೇರ್ 1969ರ ಮೇ ತಿಂಗಳಲ್ಲಿ ಕಣ್ಮುಚ್ಚಿತು. ಒಟ್ಟು ಹದಿನೆಂಟು ಲಕ್ಷಕ್ಕೂ ಹೆಚ್ಚು ಕಾರುಗಳು ತಯಾರಾಗಿದ್ದವು. ಕೊನೆಯ ವರ್ಷ ಸುಮಾರು ಆರು ಸಾವಿರ ಮಾತ್ರ. ಪುಸ್ತಕವೇ ಅದನ್ನು ಕೊಂದಿತು ಎನ್ನುವುದು ರೂಢಿ. ಅರ್ಧ ನಿಜ. 1964ರ ಏಪ್ರಿಲಿನಲ್ಲಿ ಬಂದ ಫೋರ್ಡ್ ಮಸ್ತಾಂಗ್ ಅದರ ಗಿರಾಕಿಗಳನ್ನು ಆಗಲೇ ಎಳೆದುಕೊಂಡಿತ್ತು.

ಇನ್ನೊಂದು ಮಾತನ್ನೂ ಹೇಳದಿದ್ದರೆ ನ್ಯಾಯವಾಗದು. ನೇಡರನ ಹೋರಾಟದ ಫಲವಾಗಿಯೇ ಹುಟ್ಟಿದ ಸರ್ಕಾರಿ ಸುರಕ್ಷತಾ ಸಂಸ್ಥೆ 1960ರಿಂದ 1963ರವರೆಗಿನ ಕೋರ್ವೇರ್‌ಗಳನ್ನು ಅದೇ ಕಾಲದ ಬೇರೆ ಕಾರುಗಳ ಜೊತೆ ಪರೀಕ್ಷಿಸಿ 1972ರಲ್ಲಿ ವರದಿ ಕೊಟ್ಟಿತು. ಆ ಕಾರಿಗೆ ಹಿಡಿತ ತಪ್ಪುವ ಅಸಾಮಾನ್ಯ ಗುಣವೇನಿಲ್ಲ, ತನ್ನ ಕಾಲದ ಕಾರುಗಳಿಗೆ ಹೋಲಿಸಿದರೆ ಅದು ಕಳಪೆಯಲ್ಲ ಎಂಬುದು ವರದಿಯ ತೀರ್ಮಾನ. ಕೋರ್ವೇರ್ ಅಭಿಮಾನಿಗಳು ಇಂದಿಗೂ ಈ ವರದಿಯನ್ನು ಎತ್ತಿ ಹಿಡಿಯುತ್ತಾರೆ. ನನ್ನ ಅಭಿಪ್ರಾಯದಲ್ಲಿ ಇಬ್ಬರೂ ಪೂರ್ತಿ ಗೆಲ್ಲುವುದಿಲ್ಲ. ಕಾರು ರಾಕ್ಷಸನಾಗಿರಲಿಲ್ಲ ಎಂಬುದು ಸರಿ. ಆದರೆ ಪಕ್ಕದವನ ಕಾರೂ ಅಷ್ಟೇ ಕೆಟ್ಟದ್ದಾಗಿತ್ತು ಎಂಬುದು ಒಂದು ಸಮರ್ಥನೆಯೇ? ಅದಿರಲಿ, ಗಾಳಿಯ ಹೊಣೆ ಯಾರದು ಎಂಬ ಪ್ರಶ್ನೆಗೆ ಯಾವ ಪರೀಕ್ಷಾ ಮೈದಾನದಲ್ಲೂ ಉತ್ತರ ಸಿಗುವುದಿಲ್ಲ.

ಹಿಂದಿನ ಎಂಜಿನ್ನಿನ ಇನ್ನೊಂದು ಪ್ರಸಿದ್ಧ ಕಾರು ಅದೇ ಕಾಲದಲ್ಲಿ ಇದೇ ತೊಡಕನ್ನು ಎದುರಿಸಿದ ಬಗೆ ಗಮನಾರ್ಹ. 1963ರಲ್ಲಿ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ಕಾಣಿಸಿಕೊಂಡ ಪೋರ್ಷೆ 911 ಮೊದಲ ವರ್ಷಗಳಲ್ಲಿ ಬಾಲ ಬೀಸುವುದಕ್ಕೆ ಹೆಸರಾಗಿತ್ತು. ಪೋರ್ಷೆಯವರು ಮೊದಲು ಮುಂದಿನ ಬಂಪರಿನೊಳಗೆ ಎರಡು ಕಬ್ಬಿಣದ ಗಟ್ಟಿಗಳನ್ನು ಅಡಗಿಸಿ ಮೂತಿಗೆ ತೂಕ ಕೊಟ್ಟರು. ಅದು ತೇಪೆಯ ಕೆಲಸ. 1969ರ ಮಾದರಿಯಲ್ಲಿ ಹಿಂದಿನ ಚಕ್ರಗಳನ್ನೇ 57 ಮಿಲಿಮೀಟರು ಹಿಂದಕ್ಕೆ ಸರಿಸಿದರು. ಹಾಗೆಂದು ಅವರೇನೂ ಗಾಳಿಯ ವ್ಯತ್ಯಾಸವನ್ನು ಕೈಬಿಟ್ಟಿಲ್ಲ. 1990ರ ದಶಕದ ಕೊನೆಗೆ ಬಂದ 996 ಎಂಬ ಪೀಳಿಗೆಯ 911ರಲ್ಲೂ ಹದಿನೆಂಟು ಅಂಗುಲದ ಚಕ್ರಕ್ಕೆ ಮುಂದೆ 36, ಹಿಂದೆ 44. ಎಂಜಿನ್ ಹಿಂದಿರುವಷ್ಟು ಕಾಲ ಈ ಅಂಕಗಣಿತ ತಪ್ಪದು. ಆದರೆ ಅಲ್ಲಿ ಕಬ್ಬಿಣ ಮಾಡಬೇಕಾದ ಕೆಲಸವನ್ನು ಕಬ್ಬಿಣಕ್ಕೇ ವಹಿಸಿದ ಮೇಲೆ ಗಾಳಿಗೆ ಉಳಿದದ್ದನ್ನು ಬಿಟ್ಟರು. 1986ರಲ್ಲಿ ಬಂದ ಪೋರ್ಷೆ 959ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಟೈರಿನ ಗಾಳಿ ಇಳಿದರೆ ಚಾಲಕನಿಗೆ ತಾನೇ ತಿಳಿಸುವ ಸಾಧನವನ್ನು ಜೋಡಿಸಿದ್ದರು. ರಸ್ತೆಯ ಕಾರಿನಲ್ಲಿ ಅದೇ ಮೊದಲು.

ಇಲ್ಲಿಗೆ ಕಥೆ ಮುಗಿಯಬಹುದಿತ್ತು. ಆದರೆ ಇದೇ ಪ್ರಶ್ನೆ ಮೂವತ್ತೈದು ವರ್ಷಗಳ ನಂತರ ಮತ್ತೆ ಎದ್ದು ಬಂತು. ಈ ಬಾರಿ ಅದು ಸ್ಪೋರ್ಟ್ಸ್ ಕಾರಲ್ಲ, ಆದರೆ ಅದರ ಜಾತಿಯ ಹೆಸರಿನಲ್ಲೂ "ಸ್ಪೋರ್ಟ್" ಸೇರಿಕೊಂಡಿತ್ತು: ಸ್ಪೋರ್ಟ್ ಯುಟಿಲಿಟಿ ವಾಹನ. 1990ರಲ್ಲಿ ಬಂದ ಫೋರ್ಡ್ ಎಕ್ಸ್‌ಪ್ಲೋರರ್ ಎತ್ತರದ ವಾಹನ. ಟೈರುಗಳು ಫೈರ್‌ಸ್ಟೋನ್ ಕಂಪನಿಯವು. ಫೋರ್ಡ್ ಅದಕ್ಕೆ ಹೇಳಿದ ಗಾಳಿ 26 ಪೌಂಡು. ವಾಹನ ಬಿಡುಗಡೆಯಾಗುವ ಮುನ್ನ ನಡೆದ ಪರೀಕ್ಷೆಗಳಲ್ಲಿ ಮಗುಚುವ ಭಯವಿದ್ದುದರಿಂದ ಎಂಜಿನಿಯರರು ಸೂಚಿಸಿದ ಉಪಾಯಗಳಲ್ಲಿ ಟೈರಿನ ಗಾಳಿ ತಗ್ಗಿಸುವುದೂ ಒಂದಾಗಿತ್ತು ಎಂಬುದು ಕಂಪನಿಯ ಕಡತಗಳಿಂದ ಆಮೇಲೆ ತಿಳಿಯಿತು. ಕಡಿಮೆ ಗಾಳಿಯ ಟೈರಿನಲ್ಲಿ ನಿಭಾಯಿಸುವಷ್ಟು ಜಾಗವೂ ಕಡಿಮೆ. 26ರಿಂದ ಇನ್ನು ಕೆಲವು ಪೌಂಡು ಸೋರಿಹೋದರೆ, ಮೇಲೆ ಸಂಸಾರ ಸಾಮಾನು ತುಂಬಿಕೊಂಡು ಬೇಸಿಗೆಯ ಹೆದ್ದಾರಿಯಲ್ಲಿ ಗಂಟೆಗಟ್ಟಲೆ ಓಡಿದರೆ, ಟೈರಿನ ಪದರಗಳು ಕಾದು ಬಿಚ್ಚಿಕೊಳ್ಳಬಹುದು. ಬಿಚ್ಚಿಕೊಂಡವು. 2000ದ ಆಗಸ್ಟ್ 9ರಂದು ಫೈರ್‌ಸ್ಟೋನ್ 65 ಲಕ್ಷ ಟೈರುಗಳನ್ನು ಹಿಂದಕ್ಕೆ ಕರೆಯಿತು. ಈ ಟೈರುಗಳಿಗೆ ಸಂಬಂಧಿಸಿದ ಸಾವುಗಳ ಸಂಖ್ಯೆ ಅಮೆರಿಕದಲ್ಲೇ 271 ಎಂದು ಸರ್ಕಾರಿ ಲೆಕ್ಕ.

ಅಲ್ಲಿ ನಡೆದ ವಾದ ವಿಚಿತ್ರವಾಗಿತ್ತು. ಟೈರು ಕೆಟ್ಟದು ಎಂದು ಫೋರ್ಡ್. ವಾಹನ ಕೆಟ್ಟದು, 26ರ ಬದಲು 30 ಹಾಕಬೇಕಿತ್ತು ಎಂದು ಫೈರ್‌ಸ್ಟೋನ್. ಟೈರಿನಲ್ಲಿ ದೋಷವಿದ್ದದ್ದು ತನಿಖೆಯಿಂದ ಸ್ಪಷ್ಟವಾಯಿತು. ಆದರೂ ನಾಲ್ಕು ಪೌಂಡಿನ ವ್ಯತ್ಯಾಸಕ್ಕಾಗಿ ಎರಡು ದೈತ್ಯ ಸಂಸ್ಥೆಗಳು ಸಂಸತ್ತಿನ ಮುಂದೆ ಕಚ್ಚಾಡಿದವು. ಹೆನ್ರಿ ಫೋರ್ಡ್ ಮತ್ತು ಹಾರ್ವೆ ಫೈರ್‌ಸ್ಟೋನ್ ಎಂಬ ಸ್ನೇಹಿತರ ಕಾಲದಿಂದ ಬಂದ ಸುಮಾರು 95 ವರ್ಷಗಳ ವ್ಯಾಪಾರ ಸಂಬಂಧವನ್ನು 2001ರ ಮೇ ತಿಂಗಳಲ್ಲಿ ಫೈರ್‌ಸ್ಟೋನ್ ಕಡಿದುಕೊಂಡಿತು.

ಸಂಸತ್ತು ಸುಮ್ಮನಿರಲಿಲ್ಲ. 2000ದ ನವೆಂಬರ್ 1ರಂದು ಅಧ್ಯಕ್ಷ ಕ್ಲಿಂಟನ್ ಸಹಿ ಹಾಕಿದ ಕಾಯಿದೆಯಲ್ಲಿ, ಟೈರಿನ ಗಾಳಿ ಗಣನೀಯವಾಗಿ ಇಳಿದರೆ ಚಾಲಕನನ್ನು ಎಚ್ಚರಿಸುವ ಸಾಧನ ಪ್ರತಿ ಹೊಸ ಕಾರಿನಲ್ಲೂ ಇರಬೇಕು ಎಂಬ ಅಂಶ ಸೇರಿತು. 959ರಂಥ ಸಿರಿವಂತರ ಕಾರಿನಲ್ಲಿದ್ದ ಸೌಕರ್ಯ ಎಲ್ಲರಿಗೂ ಬರಲಿತ್ತು. ಆದರೆ 2002ರಲ್ಲಿ ಸರ್ಕಾರ ಮಾಡಿದ ನಿಯಮ ಸಡಿಲವಾಗಿತ್ತು. ಎರಡು ಬಗೆಯ ಸಾಧನಗಳಲ್ಲಿ ಅಗ್ಗದ ಬಗೆಯನ್ನು ಆರಿಸಿಕೊಂಡ ಕಂಪನಿ, ನಾಲ್ಕರಲ್ಲಿ ಒಂದೇ ಟೈರು ಇಳಿದಾಗ ಎಚ್ಚರಿಸಿದರೂ ಸಾಕಿತ್ತು. ನಾಲ್ಕೂ ಒಟ್ಟಿಗೆ ಇಳಿದರೆ ಅದಕ್ಕೆ ತಿಳಿಯದಿದ್ದರೂ ಚಿಂತೆಯಿಲ್ಲ. ಕಾಲಕ್ರಮದಲ್ಲಿ ಗಾಳಿ ಸೋರುವುದು ನಾಲ್ಕೂ ಟೈರುಗಳಿಂದ ಒಟ್ಟಿಗೇ ಎಂಬುದು ಸೈಕಲ್ ಅಂಗಡಿಯವನಿಗೂ ಗೊತ್ತು.

ಈ ನಿಯಮವನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿದ್ದು ಯಾರು? ನೇಡರ್ ಕಟ್ಟಿದ ಅದೇ ಪಬ್ಲಿಕ್ ಸಿಟಿಜನ್. ಕೋರ್ವೇರಿನ ಕೈಪಿಡಿಯಲ್ಲಿದ್ದ ಎರಡು ಅಂಕಿಗಳಿಂದ ಹೊರಟ ವ್ಯಾಜ್ಯ ಹೀಗೆ ಸುತ್ತಿ ಬಂದು ಮತ್ತೆ ಟೈರಿನ ಗಾಳಿಗೇ ಮುಟ್ಟಿತ್ತು. 2003ರ ಆಗಸ್ಟಿನಲ್ಲಿ ನ್ಯೂಯಾರ್ಕಿನ ಮೇಲ್ಮನವಿ ನ್ಯಾಯಾಲಯ ಸಂಸ್ಥೆಯ ವಾದವನ್ನು ಒಪ್ಪಿ ನಿಯಮವನ್ನು ರದ್ದುಮಾಡಿತು. 2005ರಲ್ಲಿ ಹೊಸ ನಿಯಮ ಬಂತು: ನಾಲ್ಕರಲ್ಲಿ ಯಾವುದೇ ಒಂದು ಟೈರಾಗಲಿ, ನಾಲ್ಕೂ ಆಗಲಿ, ಸೂಚಿಸಿದ ಒತ್ತಡಕ್ಕಿಂತ ಶೇಕಡಾ 25ರಷ್ಟು ಕೆಳಗಿಳಿದರೆ ದೀಪ ಉರಿಯಬೇಕು. 2007ರ ಸೆಪ್ಟೆಂಬರ್ 1ರಿಂದ ಅಮೆರಿಕದಲ್ಲಿ ಮಾರುವ ಎಲ್ಲ ಹೊಸ ಕಾರುಗಳಿಗೂ ಅದು ಕಡ್ಡಾಯವಾಯಿತು.

ಶೇಕಡಾ 25 ಎಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕು. 44 ಇರಬೇಕಾದ ಸ್ಪೋರ್ಟ್ಸ್ ಕಾರಿನ ಹಿಂದಿನ ಟೈರು 33ಕ್ಕೆ ಇಳಿಯುವವರೆಗೆ ದೀಪ ಸುಮ್ಮನಿರಲು ಕಾನೂನು ಬಿಡುತ್ತದೆ. ಆ ವೇಳೆಗೆ ಹನ್ನೊಂದು ಪೌಂಡು ಹೋಗಿರುತ್ತದೆ. ಕೋರ್ವೇರಿನ ಮುಂದಿನ ಮತ್ತು ಹಿಂದಿನ ಟೈರುಗಳ ನಡುವೆ ಇದ್ದದ್ದೂ ಅಷ್ಟೇ ವ್ಯತ್ಯಾಸ. ಗಾಳಿ ಹೆಚ್ಚಾದರೆ ಎಚ್ಚರಿಸಬೇಕೆಂದಂತೂ ನಿಯಮ ಕೇಳುವುದೇ ಇಲ್ಲ; ಮುಂದೆ 36ರ ಬದಲು ಯಾರಾದರೂ 44 ತುಂಬಿದರೆ ದೀಪಕ್ಕೆ ಅದು ತನ್ನ ಕೆಲಸವಲ್ಲ. ಆದ್ದರಿಂದ ಒತ್ತಡಮಾಪಕವನ್ನು ಕಾರಿನ ಪೆಟ್ಟಿಗೆಯಿಂದ ತೆಗೆದುಹಾಕುವ ಕಾಲ ಇನ್ನೂ ಬಂದಿಲ್ಲ. ಅಳೆಯಬೇಕಾದ್ದು ಬೆಳಗ್ಗೆ, ಕಾರು ಹೊರಡುವ ಮುಂಚೆ. ಟೈರಿನ ಉಷ್ಣತೆ ಐದೂವರೆ ಡಿಗ್ರಿ ಸೆಲ್ಷಿಯಸ್ ಏರಿದರೆ ಒತ್ತಡ ಸುಮಾರು ಒಂದು ಪೌಂಡು ಏರುತ್ತದೆ. ಊರು ಸುತ್ತಿ ಬಂಕಿಗೆ ಹೋಗಿ ನೋಡಿದ ಅಂಕಿ ಬಿಸಿ ಟೈರಿನದು, ಕೈಪಿಡಿಯದು ತಣ್ಣನೆಯದು. ಬಿಸಿಯಲ್ಲಿ ಹೆಚ್ಚಿದೆಯೆಂದು ಗಾಳಿ ಬಿಡಿಸಿಕೊಂಡು ಬಂದವರ ಟೈರು ಮರುದಿನ ಬೆಳಗ್ಗೆ ಅಗತ್ಯಕ್ಕಿಂತ ಕೆಳಗಿರುತ್ತದೆ. ಅಂಕಿಯನ್ನು ಓದಬೇಕಾದ್ದು ಚಾಲಕನ ಬಾಗಿಲಿನ ಚೌಕಟ್ಟಿನ ಮೇಲೆ ಅಂಟಿಸಿದ ಚೀಟಿಯಲ್ಲಿ. ಟೈರಿನ ಪಕ್ಕೆಯ ಮೇಲೆ ಉಬ್ಬಿಸಿ ಬರೆದಿರುವುದು ಆ ಟೈರು ತಾಳಬಲ್ಲ ಗರಿಷ್ಠ ಮಿತಿ. ಕಾರಿಗೆ ಬೇಕಾದ್ದು ಅದಲ್ಲ.

ಕೋರ್ವೇರ್‌ಗಳನ್ನು ಇಂದಿಗೂ ಅಕ್ಕರೆಯಿಂದ ಇಟ್ಟುಕೊಂಡವರು ಅಮೆರಿಕದಲ್ಲಿ ಸಾಕಷ್ಟು ಮಂದಿ ಇದ್ದಾರೆ. ಹಳೆಯ ಬಗೆಯ ಟೈರಿನ ಬದಲು ಈಗ ರೇಡಿಯಲ್ ಟೈರು ತೊಡಿಸುತ್ತಾರೆ. ರೇಡಿಯಲ್ಲಿಗೆ 15 ಪೌಂಡು ತೀರ ಕಡಿಮೆ. ಹಾಗಾಗಿ ಮುಂದೆಯೂ ಹಿಂದೆಯೂ ಹಳೆಯ ಅಂಕಿಗಳಿಗಿಂತ ಹೆಚ್ಚೇ ಹಾಕುತ್ತಾರೆ. ಆದರೆ ಮುಂದಿನದು ಹಿಂದಿನದಕ್ಕಿಂತ ಕೆಲವು ಪೌಂಡು ಕಡಿಮೆ ಇರಬೇಕೆಂಬುದನ್ನು ಮಾತ್ರ ಅವರು ಬಿಟ್ಟಿಲ್ಲ. ಬಂಕಿನ ಹುಡುಗನಿಗೂ ಅವರು ಬಿಡುವುದಿಲ್ಲ. ಗಾಳಿಯನ್ನು ತಾವೇ ಹಾಕಿಕೊಳ್ಳುತ್ತಾರೆ.